ಅನಾಥರಕ್ಷಣೆಯ ಲೆಕ್ಕಪತ್ರಗಳು

ಇಂಗ್ಲೆಂಡು ದೇಶದಲ್ಲಿ ದಿಕ್ಕಿಲ್ಲದವರ ಪೋಷಣೆಗಾಗಿ ಊರವರಿಂದ ಕರವೆತ್ತುವ ಪದ್ಧತಿಯು 1601ನೆಯ ಇಸವಿಯ ಕಾಯಿದೆಯಿಂದ ಸ್ಥಿರಪಟ್ಟಿತು. ‘ಪ್ಯಾರಿಷ್’ ಎಂಬ ಗ್ರಾಮವಿಭಾಗಕ್ಕೆ ಪ್ರತಿವರ್ಷವೂ ನೇಮಕವಾಗುತ್ತಿದ್ದ ಮೇಲ್ವಿಚಾರಕರು ವರ್ಷಾಂತ್ಯದಲ್ಲಿ ಇಬ್ಬರು ನ್ಯಾಯಾಧಿಕಾರಿಗಳ ಮುಂದೆ ಆಯವ್ಯಯವನ್ನು ಒಪ್ಪಿಸಬೇಕಾಗಿದ್ದಿತು. ಒಪ್ಪಿಸಲೊಲ್ಲದವನಿಗೆ ಕಾರಾಗೃಹವೇ ಗತಿ. ಸಹಾಯ ಪಡೆವವರ ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1691ರಲ್ಲಿಯೂ, ಕರವನ್ನು ಚರ್ಚಿನಲ್ಲಿ ಸಾರಬೇಕು, ಕರ ತೆರುವವನು ಶುಲ್ಕವಿತ್ತು ಲೆಕ್ಕವನ್ನು ನೋಡಬಹುದು ಎಂದು 1744ರಲ್ಲಿಯೂ ವಿಧಿಗಳಾದುವು.

ಇಷ್ಟರಿಂದಲೇ ಧರ್ಮವು ನೆರವೇರಿತೆನ್ನಬಹುದೆ? ಆ ಲೆಕ್ಕಪುಸ್ತಕಗಳೇ ಬೇರೊಂದನ್ನು ನುಡಿಯುತ್ತವೆ. ಪರಸ್ಥಳದಿಂದ ಬಂದ ನಿರ್ಗತಿಕರನ್ನು ಅವರ ಮೂಲಗ್ರಾಮಕ್ಕೆ ಹಿಂದಟ್ಟುವ ಅಧಿಕಾರವನ್ನು 1662ರ ಕಾಯಿದೆಯು ಕೊಟ್ಟಿದ್ದಿತು. ಅದರಿಂದ, ಗರ್ಭಿಣಿಯೊಬ್ಬಳನ್ನು ಎಲ್ಲೆ ದಾಟಿಸಿದುದಕ್ಕೆ ಇಷ್ಟು, ಮೂಲಗ್ರಾಮ ಯಾವುದೆಂಬ ವ್ಯಾಜ್ಯಕ್ಕೆ ಇಷ್ಟು ಎಂಬ ಬಾಬುಗಳು ಅವುಗಳಲ್ಲಿ ಕಾಣಬರುತ್ತವೆ. ಅವಿವಾಹಿತೆಯ ಶಿಶುವು ಹುಟ್ಟಿದ ಗ್ರಾಮಕ್ಕೇ ಅದರ ಪೋಷಣಭಾರವು ಬೀಳುತ್ತಿದ್ದುದೇ ಇದಕ್ಕೆ ಕಾರಣ. 1697ರ ಕಾಯಿದೆಯಂತೂ ಸಹಾಯ ಪಡೆದವರು ತೋಳಿನ ಮೇಲೆ ಗುರುತಿನ ಅಕ್ಷರವನ್ನು ಧರಿಸಬೇಕೆಂದಿತು. ಆ ಅವಮಾನವು 1810ರವರೆಗೂ ಕಾಯಿದೆಯಲ್ಲಿ ಉಳಿಯಿತು.

ಲೆಕ್ಕವು ಕರವಿತ್ತವನಿಗೆ ಒಪ್ಪಿತವಾಯಿತೇ ಹೊರತು ನಿರಾಶ್ರಿತನಿಗಲ್ಲ. ಹಣವು ಎಲ್ಲಿ ಹೋಯಿತೆಂಬುದನ್ನು ಈ ಪುಸ್ತಕಗಳು ಹೇಳುತ್ತವೆ. ಎಲ್ಲೆ ದಾಟಿದವಳು ಆ ರಾತ್ರಿ ಎಲ್ಲಿ ತಂಗಿದಳೆಂಬುದನ್ನು ಹೇಳುವುದಿಲ್ಲ. ಪೌರಸಭೆಗಳು ನಿರಾಶ್ರಿತರಿಗಾಗಿ ಮಾಡುವ ವ್ಯಯವನ್ನು ಪರಿಶೋಧಿಸುವವರು ಈ ಎರಡು ಪ್ರಶ್ನೆಗಳನ್ನೂ ಕೇಳತಕ್ಕದ್ದು.