ಕಡಲಿಲ್ಲದ ಊರಿನ ಕಪ್ಪು ಕಡಲು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಮಂಗಳೂರಿನ ಕಡಲೂ ಚೆನ್ನೈನ ಕಡಲೂ ರಸ್ತೆಯಲ್ಲಿ ಹತ್ತಿರಹತ್ತಿರ 350 ಕಿ.ಮೀ. ದೂರ. ಆದರೂ ಇಲ್ಲಿನ ಡೂಮ್ ಮೆಟಲ್ ತಂಡಗಳ ಹೆಸರಿನಲ್ಲಿ, ಅವರು ಓದುವ, ಬರೆಯುವ ಕಥೆಗಳಲ್ಲಿ ಆಳಕಡಲಿನ ಕತ್ತಲೆ ಸೇರಿಕೊಂಡಿದೆ. ಈ ಕಡಲು ಊರಿಗೆ ಬಂದದ್ದು ಪುಸ್ತಕ ಮತ್ತು ಕ್ಯಾಸೆಟ್‌ಗಳ ದಾರಿಯಲ್ಲಿ. ಎರವಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಎರವಲನ್ನು ಈ ಊರು ತನ್ನ ಬೈಗುಳ, ತನ್ನ ದೆವ್ವಗಳ ಜೊತೆ ಬೆರೆಸಿಕೊಂಡ ರೀತಿ ಸ್ವಂತದ್ದು.

ಈ ಕಡಲಿನ ಮೂಲ ಹಳೆಯದು. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಶಾಪಗ್ರಸ್ತ ನಾವಿಕನ ಕಾವ್ಯವನ್ನು ಬ್ರಿಟಿಷ್ ಮೆಟಲ್ ತಂಡ ಐರನ್ ಮೇಡನ್ 1984ರಲ್ಲಿ ಹದಿಮೂರು ನಿಮಿಷಕ್ಕೂ ಮೀರಿದ ಹಾಡಾಗಿಸಿತು. ಕಡಲಡಿಯ ಊರಿನಲ್ಲಿ ಮಲಗಿರುವ ದೈತ್ಯನನ್ನು ಕುರಿತ, ಅಮೆರಿಕದ ಭಯದ ಕಥೆಗಾರ ಲವ್‌ಕ್ರಾಫ್ಟ್ ಕಥೆ ಅಚ್ಚಾದದ್ದು 1928ರಲ್ಲಿ. ಅದರ ಹೆಸರಿನಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ 1984ರಲ್ಲೇ ಒಂದು ವಾದ್ಯಕೃತಿ ರಚಿಸಿತು. ಗಿಟಾರಿನ ಶ್ರುತಿ ಇಳಿಸಿ, ಲಯ ನಿಧಾನಿಸಿ, ಒಂದೇ ಸ್ವರವನ್ನು ಮೊರೆಯಲು ಬಿಡುವ ಡೂಮ್ ಶೈಲಿಗೆ ಈ ವಸ್ತು ಸಹಜವಾಗಿ ಒಗ್ಗಿತು. 1809ರಿಂದ ಇಂಗ್ಲಿಷಿನ ಒಡನಾಟದಲ್ಲಿದ್ದ ಬೆಂಗಳೂರಿನ ಕಂಟೋನ್ಮೆಂಟ್ ಇಂಥ ಸಂಗೀತಕ್ಕೆ ಕಿವಿಗೊಟ್ಟದ್ದು ಅಚ್ಚರಿಯಲ್ಲ. 1990ರ ದಶಕದಲ್ಲಿ ಡೈಯಿಂಗ್ ಎಂಬ್ರೇಸ್, 1998ರಿಂದ ಕ್ರಿಪ್ಟೋಸ್ ಎಂಬ ಇಲ್ಲಿನ ತಂಡಗಳು ನೆಲ ಹದಮಾಡಿದವು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ಈ ಕೇಳುಗವರ್ಗದ ಗಾತ್ರ ಊರಿಗೇ ಕಾಣಿಸಿತು. ಮುಂದೆ ಇಂದಿರಾನಗರದ ಕೈರಾ, 2019ರಲ್ಲಿ ಮುಚ್ಚಿದ ಹಮ್ಮಿಂಗ್ ಟ್ರೀಯಂಥ ವೇದಿಕೆಗಳು ಪೂರ್ವ ಬೆಂಗಳೂರನ್ನು ಸ್ವತಂತ್ರ ಸಂಗೀತದ ನೆಲೆಯಾಗಿಸಿದವು.

ಬೆರಕೆ ಎಲ್ಲಿ ಎಂದರೆ ಮೊದಲು ಹೆಸರು ನೋಡಬೇಕು. 2012ರಲ್ಲಿ ಮೊದಲ ಆಲ್ಬಂ ತಂದ ಡೂಮ್ ತಂಡದ ಹೆಸರು ‘ಬೇವರ್ ಸೀ’. ಪೋಸ್ಟರಿನಲ್ಲಿ ಅದು ಯಾವುದೋ ಅಜ್ಞಾತ ಸಮುದ್ರ. ಬಾಯಲ್ಲಿ ಅಂದರೆ ಶಿವಾಜಿನಗರದ ಬಸ್ ನಿಲ್ದಾಣದಲ್ಲೂ ಎಲ್ಲರಿಗೂ ತಿಳಿಯುವ ಬೈಗುಳ. ಪಶ್ಚಿಮದ ಗಾಂಭೀರ್ಯವನ್ನು ಹೊತ್ತುಕೊಂಡೇ ಅದರ ಕಾಲೆಳೆಯುವ ಈ ಕಿಡಿಗೇಡಿತನ ಕನ್ನಡ ಬಲ್ಲವರಿಗಷ್ಟೇ ದಕ್ಕುತ್ತದೆ. ಇನ್ನೊಂದು ತಂಡ ‘ಜಿನ್ ಅಂಡ್ ಮಿಸ್ಕಟೋನಿಕ್’, ಲವ್‌ಕ್ರಾಫ್ಟ್ ಕಲ್ಪಿಸಿದ ನದಿಯ ಪಕ್ಕದಲ್ಲಿ ನಮ್ಮ ದರ್ಗಾ ಕಥೆಗಳ ಜಿನ್ನನ್ನು ಕೂರಿಸಿತು. ಅದರ ಬಾಸ್ ವಾದಕ ಜಯಪ್ರಕಾಶ್ ಸತ್ಯಮೂರ್ತಿ ಇಂಗ್ಲಿಷಿನಲ್ಲಿ ಬೆಂಗಳೂರಿನ ಭಯದ ಕಥೆಗಳನ್ನೂ ಬರೆದವರು. ಅವರ ಒಂದು ಸಂಕಲನದ ಹೆಸರು ‘ಕಮ್ ಟುಮಾರೋ’. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕಿದ ಊರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ.

ಇದು ಇಂಗ್ಲಿಷ್ ಬಲ್ಲ ಕೆಲವರ ಅನುಕರಣೆ ಎಂಬ ಆಕ್ಷೇಪ ಸುಳ್ಳಲ್ಲ. ಹಾಡುಗಳು ಇಂಗ್ಲಿಷಿನವು, ಕೇಳುಗರು ಕಡಿಮೆ. ಉಡುಗೆಯಲ್ಲಂತೂ ಆಕ್ಷೇಪ ಪೂರ್ತಿ ನಿಲ್ಲುತ್ತದೆ: ಕಪ್ಪು ಟೀ ಶರ್ಟು, ಪ್ಯಾಚು ಹೊಲಿದ ಡೆನಿಮ್ ಜಾಕೆಟ್ಟು, ಬೇರಿನಂತೆ ಹೆಣೆದುಕೊಂಡು ಓದಲಾಗದ ಅಕ್ಷರವಿನ್ಯಾಸ, ಬರ್ಲಿನ್ನಿನಲ್ಲೂ ಇವೇ. ಆದರೆ ಅನುಕರಣೆಯಿಂದ ಶುರುವಾದದ್ದು ಅಲ್ಲೇ ನಿಲ್ಲಬೇಕೆಂದಿಲ್ಲ. ಪಾರ್ಸಿ ಕಂಪನಿಗಳ ರಂಗಸಜ್ಜಿಕೆ ನಮ್ಮ ಕಂಪನಿ ನಾಟಕವಾದದ್ದೂ ಹೀಗೆಯೇ. ಕಡಲು ಕಾಣದವರು ಕಡಲನ್ನು ಹಾಡುವುದು ಕೃತಕ ಎನ್ನುವವರು ಒಂದನ್ನು ಮರೆಯುತ್ತಾರೆ: ಕೋಲ್‌ರಿಜ್ ಕೂಡ ಆ ಕಾವ್ಯ ಬರೆಯುವಾಗ ದೂರದ ಸಮುದ್ರಯಾನ ಮಾಡಿರಲಿಲ್ಲ, ಪ್ರವಾಸ ಕಥನಗಳನ್ನು ಓದಿದ್ದ. ಆದ್ದರಿಂದ ಈ ಪಂಥಕ್ಕೆ ಕಡಲಿಲ್ಲದಿರುವುದು ಕೊರತೆಯಲ್ಲ. ಕನ್ನಡ ಅದರ ಹೆಸರಿಗೆ ಬಂದಿದೆ, ಹಾಡಿನ ಸಾಲಿಗೆ ಇಳಿದಿಲ್ಲ. ನಿಜವಾದ ಕೊರತೆ ಅದು, ಮುಂದಿನ ತಂಡಗಳು ಮಾಡಬೇಕಾದ ಕೆಲಸವೂ ಅದೇ.