ತವರಿಗೆ ಬಂದ ಹಕ್ಕಿಗಳು

ಹೆರಿಗೆಗೆಂದು ತವರಿಗೆ ಬಂದ ಮಗಳನ್ನು ಕಲ್ಲೆಸೆದು ಓಡಿಸುವವರುಂಟೆ? ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಜನ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಹೀಗೆಯೇ ಭಾವಿಸಿಕೊಂಡು ಬಂದಿದ್ದಾರೆ. ಊರೊಳಗಿನ ಮರಗಳಲ್ಲಿ ಅವು ಗೂಡುಕಟ್ಟುತ್ತವೆ. ಹಿಕ್ಕೆಯ ವಾಸನೆಯನ್ನು ಊರು ಸಹಿಸಿತು. ಅದನ್ನೇ ಗೊಬ್ಬರವಾಗಿ ಹೊಲಕ್ಕೆ ಹಾಕಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಆ ಊರು ಸಮುದಾಯ ಮೀಸಲು ಎಂದು ಘೋಷಿತವಾದದ್ದು 2007ರಲ್ಲಿ. ಅದಕ್ಕೂ ಬಹು ಹಿಂದಿನಿಂದ ಹಕ್ಕಿಗಳನ್ನು ಕಾಯ್ದದ್ದು ಒಂದು ಕಥೆ.

ನಮ್ಮ ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಚರಿತ್ರೆ ಇದಕ್ಕೆ ತಿರುವುಮುರುವು. 2015ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲಾಯಿತು. ಬೆಳ್ಳಕ್ಕಿ, ಹಾವಕ್ಕಿಗಳಿಗೆ ಕಾನೂನಿನ ಆಸರೆ ದೊರೆಯಿತು. ಕಥೆ ಮಾತ್ರ ದೊರೆಯಲಿಲ್ಲ. ಸುತ್ತಲಿನ ಬಡಾವಣೆಗಳಲ್ಲಿರುವವರು ಹತ್ತು ಊರುಗಳಿಂದ ಬಂದವರು, ನಾನೂ ಅವರಲ್ಲೊಬ್ಬ. ಬೇಲಿ ಮನುಷ್ಯನನ್ನು ತಡೆದೀತು, ಕೊಳಚೆಯನ್ನು ತಡೆಯಲಾರದು. ಅದನ್ನು ತಡೆಯಬೇಕಾದವರು ಬೇಲಿಯ ಹೊರಗಿನ ಮನೆಗಳವರು.

ಹಾಗೆಂದು ಎಲ್ಲ ಕಥೆಯೂ ಕಾಡಿಗೆ ಹಿತವೆನ್ನಲಾಗದು. ‘ಗೋವಿನ ಹಾಡು’ ಕುರಿತು ಎಷ್ಟೋ ವರ್ಷ ಪಾಠ ಹೇಳಿದೆ. ಪುಣ್ಯಕೋಟಿಗಾಗಿ ಕಣ್ಣೀರಿಟ್ಟ ವಿದ್ಯಾರ್ಥಿಗಳು ಪ್ರಾಣಬಿಟ್ಟ ಹುಲಿಗಾಗಿ ಮರುಗಿದ್ದನ್ನು ಕಾಣೆ, ನಾನೂ ಮರುಗಿರಲಿಲ್ಲ. ಸತ್ಯದ ಮಹಿಮೆ ಸಾರುವ ಆ ಹಾಡಿನಲ್ಲಿ ಹುಲಿ ತನ್ನ ಸಹಜ ಆಹಾರಕ್ಕಾಗಿ ಪಶ್ಚಾತ್ತಾಪಪಡಬೇಕಾಯಿತು. ನಾನು ವಿದ್ಯಾರ್ಥಿಯಾಗಿದ್ದಾಗ, 1980ರಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂತು. ಅಲ್ಲಿನ ಹಾರುವ ಓತಿ ಯಾವ ನೀತಿಗೂ ಸಾಕ್ಷಿಯಲ್ಲ. ಅದು ಓತಿಯಾಗಿರುವುದೇ ಬೆರಗು.

ಕೇಳುಗರೇ, ಹವಾಮಾನದ ಬದಲಾವಣೆಯನ್ನು ಜನರಿಗೆ ತಿಳಿಯಹೇಳಲು ಈ ಎರಡೂ ಬೇಕು: ಕೊಕ್ಕರೆಬೆಳ್ಳೂರಿನ ನಂಟು, ತೇಜಸ್ವಿಯವರ ಕುತೂಹಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹಾಗಾಗಿ ಮಳೆ ಸುರಿದಾಗ ಬಿರುಸಾಗಿ ಸುರಿಯುತ್ತದೆ. ಈ ಲೆಕ್ಕ ಯಾರ ಮನಸ್ಸನ್ನೂ ಕಲಕದು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದು ತಗ್ಗಿನ ಮನೆಗಳಿಗೆ ನೀರು ನುಗ್ಗಿದ್ದನ್ನು ನೆನೆದರೆ ಕಲಕುತ್ತದೆ. ಒಂದೇ ಮಳೆಯನ್ನು ಹಿಡಿದು ತೀರ್ಪು ಹೇಳಬಾರದು, ನಿಜ. ಆದರೆ ಹಕ್ಕಿಗೆ ಆಸರೆಯಾದ ಕೆರೆಯೇ ಅಂಥ ಮಳೆಯಲ್ಲಿ ನಮಗೂ ಆಸರೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ತವರಿನಲ್ಲಿ ನೀರಿದ್ದರಷ್ಟೇ ಮಗಳು ಬಂದಾಳು. ಕೊಕ್ಕರೆಬೆಳ್ಳೂರಿನ ಕಥೆಗೆ ಪುಟ್ಟೇನಹಳ್ಳಿಯ ನಾವು ಸೇರಿಸಬೇಕಾದ ಮಾತು ಇಷ್ಟೇ.