ಬ್ಲ್ಯಾಕ್‌ಆ್ಯಡರ್
ಬಿಬಿಸಿ ವಾಹಿನಿ 1983ರಿಂದ 1989ರವರೆಗೆ ನಾಲ್ಕು ಸರಣಿಗಳಲ್ಲಿ ಬಿತ್ತರಿಸಿದ ಬ್ರಿಟಿಷ್ ಹಾಸ್ಯ ಧಾರಾವಾಹಿ. ಸರಣಿಯಿಂದ ಸರಣಿಗೆ ಕಾಲ ಬದಲಾಗುತ್ತದೆ, ತಾರಾಗಣವೂ ಭಾಗಶಃ ಬದಲಾಗುತ್ತದೆ. ಎಡ್ಮಂಡ್ ಪಾತ್ರದ ರೋವನ್ ಆಟ್ಕಿನ್ಸನ್, ಸೇವಕ ಬಾಲ್ಡ್ರಿಕ್ ಪಾತ್ರದ ಟೋನಿ ರಾಬಿನ್ಸನ್ ಇಬ್ಬರೇ ನಾಲ್ಕರಲ್ಲೂ ಕಾಯಂ.

ಆಟ್ಕಿನ್ಸನ್ ಮತ್ತು ರಿಚರ್ಡ್ ಕರ್ಟಿಸ್ ಬರೆದ ಮೊದಲ ಸರಣಿ ಮಧ್ಯಯುಗದ ಕಥೆ. ಆನಿಕ್ ಕೋಟೆಯಲ್ಲಿ ಹೊರಾಂಗಣ ಚಿತ್ರೀಕರಣ ನಡೆಸಿದ್ದರಿಂದ ವೆಚ್ಚ ವಿಪರೀತವಾಯಿತು. ಮುಂದುವರಿಸಲು ಬಿಬಿಸಿ ಹಿಂಜರಿಯಿತು. 1986ರಲ್ಲಿ ಧಾರಾವಾಹಿ ಎರಡನೇ ಸರಣಿಯೊಂದಿಗೆ ಮರಳಿದಾಗ ಸ್ವರೂಪವೇ ಬೇರೆಯಾಗಿತ್ತು. ಲೇಖಕರಾಗಿ ಆಟ್ಕಿನ್ಸನ್ ಬದಲು ಬೆನ್ ಎಲ್ಟನ್ ಬಂದರು. ಕುದುರೆ, ಕೋಟೆಗಳು ಹೋಗಿ, ಪ್ರೇಕ್ಷಕರೆದುರಿನ ಸ್ಟುಡಿಯೋದಲ್ಲಿ ಕೆಲವೇ ಕೋಣೆಗಳು ಉಳಿದವು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಪೆದ್ದನಾಗಿದ್ದ ಎಡ್ಮಂಡ್ ಈಗ ಹರಿತ ನಾಲಿಗೆಯ ಚತುರ. ಚುರುಕಾಗಿದ್ದ ಬಾಲ್ಡ್ರಿಕ್ ದಡ್ಡ. ಧಾರಾವಾಹಿ ಉಳಿದದ್ದು ಈ ಅದಲುಬದಲಿನಿಂದ. ಮಾತಿಗೇ ಪ್ರಾಧಾನ್ಯ ಸಿಕ್ಕಿತು; ಹಠಮಾರಿ ಮಗುವಿನಂಥ ಮೊದಲನೇ ಎಲಿಜಬೆತ್ ರಾಣಿಯಾಗಿ ಮಿರಾಂಡಾ ರಿಚರ್ಡ್‌ಸನ್ ಅಪೂರ್ವ ಅಭಿನಯ ನೀಡಿದರು.

ಮೂರನೇ ಸರಣಿಯಲ್ಲಿ (1987) ಹ್ಯೂ ಲಾರಿ ಯುವರಾಜ ಜಾರ್ಜ್. ನಾಲ್ಕನೆಯದು (1989) ಮೊದಲ ಮಹಾಯುದ್ಧದ ಕಂದಕಗಳಲ್ಲಿ ನಡೆಯುತ್ತದೆ. ಅದರ ಕೊನೆಯ ಕಂತಿನಲ್ಲಿ ಪಾತ್ರಗಳು ಕಂದಕದಿಂದ ಮೇಲೇರಿ ಗುಂಡಿನ ಮಳೆಗೆ ನುಗ್ಗುತ್ತವೆ. ಹಾಸ್ಯ ಧಾರಾವಾಹಿಯೊಂದು ಇಷ್ಟು ಧೈರ್ಯದಿಂದ ಮುಗಿದದ್ದು ವಿರಳ.